ಟ್ರೇಲರ್ ಚಕ್ರದ ಬೇರಿಂಗ್ ಮನೆಯಲ್ಲೇ ಬದಲಿಸುವುದು ಹೇಗೆ? ನಟ್ ಬಿಗಿ ಮಾಡುವ ಮುನ್ನ ಇದನ್ನು ಓದಿ

ಪ್ರತಿ ವಾರ ಗೊಬ್ಬರ, ಜೀವಾಮೃತ, ಮಲ್ಚಿಂಗ್ ಅಂತ ಬರೆಯೋನು ಈ ವಾರ ಕೈಗೆ ಗ್ರೀಸ್ ಹಚ್ಕೊಂಡು ಕೂತಿದ್ದೀನಿ. ಕಾರಣ ಇದೆ. ಕೆರೆಗಳು ಬತ್ತೋ ಕಾಲ ಬಂತು, ಇನ್ನೇನು ಗೋಡು ಹೊಡೆಯೋ ಸೀಸನ್ ಶುರು. ವರ್ಷವೆಲ್ಲಾ ಮೂಲೆಯಲ್ಲಿ ನಿಂತಿದ್ದ ಟ್ರೇಲರ್ ಈಗ ದಿನಕ್ಕೆ ಹತ್ತು ಹನ್ನೆರಡು ಟ್ರಿಪ್ ಓಡಬೇಕು.

ಎರಡು ವರ್ಷದ ಹಿಂದೆ ಇದೇ ಸೀಸನ್‌ನಲ್ಲಿ ನಮ್ಮ ಟ್ರೇಲರ್‌ನ ಬಲಗಡೆ ಬೇರಿಂಗ್ ನಾನೇ ಬದಲಿಸಿದೆ. ಹಾರ್ಟಿಕಲ್ಚರ್ ಓದಿದವನಿಗೆ ಕಸಿ ಕಟ್ಟೋದು ಗೊತ್ತು, ಬೇರಿಂಗ್ ಗೊತ್ತಿರಲಿಲ್ಲ. ಹೊಸ ಬೇರಿಂಗ್ ತಂದೆ, ಹಬ್ ತುಂಬಾ ಗ್ರೀಸ್ ತುಂಬಿದೆ, ಕೊನೆಗೆ ನಟ್ಟನ್ನ ಸ್ಪ್ಯಾನರ್‌ಗೆ ಪೈಪ್ ಹಾಕಿ ಜಗ್ಗಿ ಬಿಗಿ ಮಾಡಿದೆ. ಬಿಗಿ ಇದ್ರೆ ಭದ್ರ ಅಂದ್ಕೊಂಡಿದ್ದೆ. ಮಾರನೇ ದಿನ ಮೂರನೇ ಟ್ರಿಪ್‌ಗೆ ಸುಟ್ಟ ವಾಸನೆ. ಇಳಿದು ನೋಡಿದ್ರೆ ಹಬ್‌ನಿಂದ ಹೊಗೆ. ಬಾಟಲಿಯಿಂದ ಎರಡು ಹನಿ ನೀರು ಬಿಟ್ಟೆ, ಚುಂಯ್ ಅಂತು. ಬೇರಿಂಗ್‌ನ ಒಳ ರಿಂಗ್ ಆಕ್ಸಲ್‌ಗೆ ಕಚ್ಕೊಂಡು, ಆಕ್ಸಲ್ ತುದಿಯನ್ನೇ ಕೆರೆದು ಹಾಕಿತ್ತು.

ಕೆಲವು ನೂರು ರೂಪಾಯಿಯ ಬೇರಿಂಗ್ ಕೆಲಸ ಆಕ್ಸಲ್ ಬದಲಿಸೋ ಕೆಲಸ ಆಯ್ತು, ಸೀಸನ್‌ನ ನಾಲ್ಕು ದಿನ ಹೋಯ್ತು. ಅದು ಬಿಡಿ. ಖಾಲಿ ಟ್ರೇಲರ್ ಕೆರೆಗೆ ವಾಪಸ್ ಹೋಗುವಾಗ ಮೂರು ಜನ ಆಳುಗಳು ಅದರಲ್ಲೇ ಕೂತು ಹೋಗ್ತಿದ್ರು. ಹೊಗೆ ಕಂಡಿದ್ದು ಲೋಡ್ ಇರುವಾಗ. ಇನ್ನು ಅರ್ಧ ಗಂಟೆ ತಡ ಆಗಿ, ಏರಿ ಮೇಲೆ ಬರುವಾಗ ಚಕ್ರ ಕಳಚಿದ್ದರೆ? ಆ ಯೋಚನೆ ಈಗಲೂ ನಿದ್ದೆ ಕೆಡಿಸುತ್ತೆ.

ಆಮೇಲೆ ಈ ಕೆಲಸವನ್ನ ಸರಿಯಾಗಿ ಕಲಿತೆ. ಇದು ಕಷ್ಟದ ಕೆಲಸ ಅಲ್ಲ. ಆದ್ರೆ ಮೂರ್ನಾಲ್ಕು ಕಡೆ ತಪ್ಪು ಮಾಡೋ ಹಾಗಿಲ್ಲ.

ಹಬ್ ಒಳಗೆ ಏನಿರುತ್ತೆ?

ಸಾಮಾನ್ಯ ಟ್ರ್ಯಾಕ್ಟರ್ ಟ್ರೇಲರ್‌ನ ಪ್ರತಿ ಹಬ್‌ನಲ್ಲಿ ಎರಡು ಟೇಪರ್ ರೋಲರ್ ಬೇರಿಂಗ್ ಇರುತ್ತವೆ. ಒಳಗಡೆ ದೊಡ್ಡದು, ಹೊರಗಡೆ ಚಿಕ್ಕದು. ಟ್ರ್ಯಾಕ್ಟರ್‌ನ ಮುಂದಿನ ಚಕ್ರದಲ್ಲೂ ಬಹುತೇಕ ಇದೇ ವ್ಯವಸ್ಥೆ.

ಒಂದೊಂದು ಬೇರಿಂಗ್‌ಗೂ ಎರಡು ಭಾಗ. ರೋಲರ್‌ಗಳು ಕೂತಿರುವ ಒಳ ಭಾಗಕ್ಕೆ ಕೋನ್ ಅಂತಾರೆ, ಅದು ಆಕ್ಸಲ್ ಮೇಲೆ ಕೂರುತ್ತೆ. ಹೊರಗಿನ ಉಂಗುರಕ್ಕೆ ಕಪ್ ಅಂತಾರೆ, ಅದು ಹಬ್ ಒಳಗೆ ಗಟ್ಟಿಯಾಗಿ ಕೂತಿರುತ್ತೆ. ರೋಲರ್‌ಗಳು ಓರೆಯಾಗಿ ಇರೋದ್ರಿಂದ ಮೇಲಿನ ಭಾರವನ್ನೂ ತಡೆಯುತ್ತವೆ, ತಿರುವಿನಲ್ಲಿ ಬರೋ ಪಕ್ಕದ ಒತ್ತಡವನ್ನೂ ತಡೆಯುತ್ತವೆ. ಕಪ್ ಮತ್ತು ಕೋನ್ ಮಧ್ಯೆ ಎಷ್ಟು ಜಾಗ ಇರಬೇಕು ಅನ್ನೋದನ್ನ ಆಕ್ಸಲ್ ತುದಿಯ ನಟ್ ನಿರ್ಧಾರ ಮಾಡುತ್ತೆ. ಅಂದ್ರೆ ಆ ನಟ್ ಇರೋದು ಬರೀ ಚಕ್ರ ಹಿಡ್ಕೊಳ್ಳೋಕೆ ಅಲ್ಲ, ಬೇರಿಂಗ್ ಅಡ್ಜಸ್ಟ್ ಮಾಡೋಕೆ. ಈ ಮಾತು ನೆನಪಿರಲಿ.

ಹಬ್‌ನ ಒಳಬದಿಯಲ್ಲಿ ಒಂದು ಆಯಿಲ್ ಸೀಲ್, ಹೊರಬದಿಯಲ್ಲಿ ಒಂದು ಡಸ್ಟ್ ಕ್ಯಾಪ್. ಗ್ರೀಸ್ ಹೊರಗೆ ಬಾರದ ಹಾಗೆ, ನೀರು ಮಣ್ಣು ಒಳಗೆ ಹೋಗದ ಹಾಗೆ ಕಾಯೋದು ಇವೆರಡೇ.

ಬೇರಿಂಗ್ ಯಾಕೆ ಹಾಳಾಗುತ್ತೆ?

ನೀರು: ಲೋಡ್ ಹೊತ್ತು ಓಡಿದ ಹಬ್ ಬಿಸಿಯಾಗಿರುತ್ತೆ. ಅದೇ ಬಿಸಿಯಲ್ಲಿ ಹಳ್ಳ ದಾಟಿದ್ರೆ, ಇಲ್ಲಾ ಪ್ರೆಷರ್ ವಾಷರ್ ಹಿಡಿದು ತೊಳೆದ್ರೆ ಒಳಗಿನ ಗಾಳಿ ಕುಗ್ಗಿ ಸೀಲ್ ಸಂದಿಯಿಂದ ನೀರನ್ನ ಎಳ್ಕೊಳ್ಳುತ್ತೆ. ನೀರು ಸೇರಿದ ಗ್ರೀಸ್ ಹಾಲಿನ ಕೆನೆ ಥರ ಬಿಳಿಚಿಕೊಂಡಿರುತ್ತೆ. ನಾವು ಜೀವಾಮೃತದ ಡ್ರಮ್, ಸ್ಲರಿ ಸಾಗಿಸಿ ಆಮೇಲೆ ಟ್ರೇಲರ್ ತೊಳೆಯೋರು. ಪೈಪ್‌ನ ನೇರ ಹಬ್‌ಗೆ ಹಿಡಿಯಬೇಡಿ.

ಮಣ್ಣು: ಸೀಲ್ ಹರಿದಿದ್ರೆ ಗೋಡಿನ ಧೂಳು ಒಳಗೆ ಹೋಗಿ ಗ್ರೀಸ್ ಜೊತೆ ಸೇರಿ ಮರಳು ಕಾಗದದ ಕೆಲಸ ಮಾಡುತ್ತೆ.

ಓವರ್‌ಲೋಡ್: ರೋಲರ್ ಬೇರಿಂಗ್ ಮೇಲೆ ಭಾರ ಎರಡು ಪಟ್ಟಾದ್ರೆ ಅದರ ಆಯಸ್ಸು ಅರ್ಧ ಆಗೋದಲ್ಲ, ಲೆಕ್ಕದ ಪ್ರಕಾರ ಸುಮಾರು ಹತ್ತನೇ ಒಂದು ಭಾಗಕ್ಕೆ ಇಳಿಯುತ್ತೆ. ಹಸಿ ಗೋಡು ಒಣ ಗೋಡಿಗಿಂತ ತುಂಬಾ ಭಾರ. ಕಣ್ಣಿಗೆ ಅದೇ ಒಂದು ಲೋಡ್, ಬೇರಿಂಗ್‌ಗೆ ಬೇರೆ.

ತಪ್ಪು ಅಡ್ಜಸ್ಟ್‌ಮೆಂಟ್: ಸಡಿಲ ಇದ್ರೆ ಚಕ್ರ ಅಲ್ಲಾಡಿ ರೋಲರ್‌ಗಳು ಕಪ್‌ಗೆ ಬಡೀತಾ ಇರುತ್ತವೆ. ಅತಿ ಬಿಗಿ ಇದ್ರೆ ಇನ್ನೂ ಅಪಾಯ. ರೋಲರ್‌ಗಳು ಒತ್ತಿಕೊಂಡು ಬಿಸಿಯಾಗಿ, ಗ್ರೀಸ್ ಕರಗಿ ಹೋಗಿ, ಲೋಹಕ್ಕೆ ಲೋಹ ಉಜ್ಜಿ ಕಚ್ಕೊಳ್ಳುತ್ತೆ. ನನಗೆ ಆಗಿದ್ದು ಇದೇ.

ಹತ್ತು ನಿಮಿಷದ ಪರೀಕ್ಷೆ

ಟ್ರೇಲರ್ ಖಾಲಿ ಮಾಡಿ, ಒಂದು ಚಕ್ರವನ್ನ ನೆಲದಿಂದ ಎತ್ತಿ (ಹೇಗೆ ಎತ್ತಬೇಕು ಅನ್ನೋದು ಕೆಳಗಿದೆ).

1. ಟೈರನ್ನ ಮೇಲೆ ಮತ್ತು ಕೆಳಗೆ ಹಿಡಿದು ಒಳಗೆ ಹೊರಗೆ ಅಲ್ಲಾಡಿಸಿ. ಟಕ್ ಟಕ್ ಅಂತ ಆಟ ಇದ್ರೆ ಬೇರಿಂಗ್ ಸವೆದಿದೆ ಅಥವಾ ನಟ್ ಸಡಿಲ ಇದೆ.
2. ಚಕ್ರವನ್ನ ಜೋರಾಗಿ ತಿರುಗಿಸಿ, ಆಕ್ಸಲ್ ಮೇಲೆ ಕೈ ಇಡಿ. ಒಳ್ಳೆ ಬೇರಿಂಗ್ ಸದ್ದಿಲ್ಲದೆ ತಿರುಗುತ್ತೆ. ಹಾಳಾಗಿದ್ರೆ ರಾಗಿ ಬೀಸೋ ಕಲ್ಲಿನ ಥರ ಗರಗರ ಅನ್ನುತ್ತೆ, ಕೈಗೂ ಗೊತ್ತಾಗುತ್ತೆ.
3. ಎರಡೂ ಚಕ್ರದ ಸದ್ದನ್ನ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಕೇಳಿ. ವ್ಯತ್ಯಾಸ ತಕ್ಷಣ ತಿಳಿಯುತ್ತೆ. ಮುಂದಿನ ವರ್ಷಕ್ಕೂ ಆ ರೆಕಾರ್ಡಿಂಗ್ ಇಟ್ಕೊಳ್ಳಿ.
4. ರಿಮ್‌ನ ಒಳಗಡೆ ಗ್ರೀಸ್ ಹರಡಿದ್ರೆ ಸೀಲ್ ಹೋಗಿದೆ ಅಂತ ಅರ್ಥ.
5. ಲೋಡ್ ಓಡಿಸಿ ಬಂದ ಮೇಲೆ ಎರಡೂ ಹಬ್ ಹತ್ತಿರ ಕೈ ತಂದು ನೋಡಿ, ಮುಟ್ಟೋ ಹಾಗಿದ್ರೆ ಮುಟ್ಟಿ. ಸ್ವಲ್ಪ ಬೆಚ್ಚಗಿರೋದು ಸಹಜ. ಒಂದು ಬೆಚ್ಚಗೆ, ಇನ್ನೊಂದು ಕೈ ಇಡೋಕಾಗದಷ್ಟು ಬಿಸಿ ಇದ್ರೆ ಅಲ್ಲೇ ಕೆಲಸ ನಿಲ್ಲಿಸಿ.

ಬೇರಿಂಗ್ ನಂಬರ್ ಓದೋದು ಕಲಿಯಿರಿ

ಅಂಗಡಿಗೆ ಹೋಗಿ "ಟ್ರೇಲರ್ ಬೇರಿಂಗ್ ಕೊಡಿ" ಅಂದ್ರೆ ಆಗಲ್ಲ. ಟ್ರೇಲರ್‌ಗಳನ್ನ ಊರೂರಲ್ಲಿ ಕಟ್ತಾರೆ, ಒಂದೊಂದಕ್ಕೆ ಒಂದೊಂದು ಸೈಜ್. ಹಳೇ ಬೇರಿಂಗ್ ಒರೆಸಿದ್ರೆ ರಿಂಗ್ ಅಂಚಿನಲ್ಲಿ ನಂಬರ್ ಕಾಣುತ್ತೆ. ಫೋಟೋ ತೆಗೀರಿ, ಹಳೇದನ್ನೂ ಜೊತೆಗೆ ತಗೊಂಡು ಹೋಗಿ.

ಉದಾಹರಣೆಗೆ 30207. ಕೊನೆಯ ಎರಡು ಅಂಕಿ 07. ಅದನ್ನ 5ರಿಂದ ಗುಣಿಸಿ, 35. ಅಂದ್ರೆ ಒಳ ವ್ಯಾಸ 35 ಮಿ.ಮೀ. ಅದೇ ಥರ 32208 ಅಂದ್ರೆ 40 ಮಿ.ಮೀ. ಕೊನೆಯ ಅಂಕಿ 04 ಅಥವಾ ಅದಕ್ಕಿಂತ ಹೆಚ್ಚಿದ್ದಾಗ ಈ ಲೆಕ್ಕ ನಡೆಯುತ್ತೆ. ಮೊದಲ ಅಂಕಿಗಳೂ ಮುಖ್ಯ. 30207 ಮತ್ತು 32207 ಎರಡರ ಒಳ ವ್ಯಾಸವೂ 35, ಹೊರ ವ್ಯಾಸವೂ 72 ಮಿ.ಮೀ. ಆದ್ರೆ ಅಗಲ ಬೇರೆ. ಒಂದರ ಬದಲು ಇನ್ನೊಂದು ಹಾಕೋಕಾಗಲ್ಲ.

ನಂಬರ್ ಮುಂದೆ ಎಲ್‌ಎಂ ಥರದ ಅಕ್ಷರ ಇದ್ರೆ ಅದು ಇಂಚು ಅಳತೆಯ ಬೇರಿಂಗ್, ಈ ಲೆಕ್ಕ ಅದಕ್ಕೆ ಅನ್ವಯ ಆಗಲ್ಲ. ಅದರಲ್ಲಿ ಕಪ್‌ಗೆ ಒಂದು ನಂಬರ್, ಕೋನ್‌ಗೆ ಇನ್ನೊಂದು ನಂಬರ್. ಎರಡನ್ನೂ ಬರ್ಕೊಳ್ಳಿ. ಆಯಿಲ್ ಸೀಲ್ ಮೇಲೆ ಮೂರು ಅಂಕಿ ಇರುತ್ತೆ: ಒಳ ವ್ಯಾಸ, ಹೊರ ವ್ಯಾಸ, ದಪ್ಪ.

ಬೇರಿಂಗ್‌ನಲ್ಲಿ ಡೂಪ್ಲಿಕೇಟ್ ಜಾಸ್ತಿ. ಒಳ್ಳೆ ಬ್ರ್ಯಾಂಡಿನ ಡಬ್ಬ ಅರ್ಧ ಬೆಲೆಗೆ ಸಿಕ್ಕರೆ ಅನುಮಾನ ಪಡಿ. ಕಂಪನಿಯ ಅಧಿಕೃತ ಡೀಲರ್ ಹತ್ತಿರ ಬಿಲ್ ಸಮೇತ ತಗೊಳ್ಳಿ. ಜೊತೆಗೆ ಹೊಸ ಸೀಲ್, ಹೊಸ ಸ್ಪ್ಲಿಟ್ ಪಿನ್, ವೀಲ್ ಬೇರಿಂಗ್‌ಗೆ ಅಂತಲೇ ಬರೋ ಲಿಥಿಯಂ ಗ್ರೀಸ್ (ಅಂಗಡಿಯಲ್ಲಿ ಎಪಿ 3 ಅಂದ್ರೆ ಕೊಡ್ತಾರೆ) ತನ್ನಿ. ಹಳೇ ಗ್ರೀಸ್ ಮೇಲೆ ಬೇರೆ ಜಾತಿಯ ಗ್ರೀಸ್ ಬೆರೆಸಬೇಡಿ. ಕೆಲವು ಬೆರೆತರೆ ನೀರಾಗಿ ಹರಿದು ಹೋಗ್ತವೆ.

ಎತ್ತುವಾಗ ಜೀವ ಮೊದಲು

ಸಮತಟ್ಟಾದ ಗಟ್ಟಿ ನೆಲ ಬೇಕು, ಉತ್ತ ಹೊಲ ಬೇಡ. ಟ್ರೇಲರ್‌ನ ಟ್ರ್ಯಾಕ್ಟರ್‌ಗೆ ಸೇರಿಸಿಯೇ ಇರಲಿ. ಪಾರ್ಕಿಂಗ್ ಬ್ರೇಕ್ ಹಾಕಿ, ಗೇರ್‌ನಲ್ಲಿ ನಿಲ್ಲಿಸಿ, ಕೀ ತೆಗೆದು ಜೇಬಿಗೆ ಹಾಕ್ಕೊಳ್ಳಿ. ಎದುರು ಚಕ್ರಕ್ಕೆ ಹಿಂದೆ ಮುಂದೆ ಎರಡೂ ಕಡೆ ಕಲ್ಲು ಕೊಡಿ. ಚಕ್ರದ ನಟ್‌ಗಳನ್ನ ನೆಲದ ಮೇಲೆ ಇರುವಾಗಲೇ ಸ್ವಲ್ಪ ಸಡಿಲ ಮಾಡಿ.

ಜ್ಯಾಕ್ ಕೆಳಗೆ ಅಗಲವಾದ ಮರದ ಹಲಗೆ ಹಾಕಿ, ಆಕ್ಸಲ್ ಕೆಳಗೆ ಕೊಟ್ಟು ಎತ್ತಿ. ಜ್ಯಾಕ್ ಎತ್ತೋಕೆ ಮಾತ್ರ, ಹೊತ್ಕೊಂಡು ನಿಲ್ಲೋಕೆ ಅಲ್ಲ. ಆಕ್ಸಲ್ ಕೆಳಗೆ ಸ್ಟ್ಯಾಂಡ್ ಅಥವಾ ಗಟ್ಟಿ ಮರದ ದಿಮ್ಮಿಗಳನ್ನ ಅಡ್ಡಡ್ಡ ಪೇರಿಸಿ ಕೊಡಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಬೇಡವೇ ಬೇಡ, ಒಂದೇ ಏಟಿಗೆ ಒಡೆದು ಕೂರ್ತವೆ. ಬಿಚ್ಚಿದ ಚಕ್ರವನ್ನ ಟ್ರೇಲರ್ ಚಾಸಿ ಕೆಳಗೆ ಮಲಗಿಸಿ. ಏನಾದ್ರೂ ಕುಸಿದರೆ ಅದೇ ನಿಮ್ಮನ್ನ ಕಾಯುತ್ತೆ.

ಬಿಚ್ಚುವ ಕ್ರಮ

ಒಂದು ಹಳೇ ಪಂಚೆ ಹಾಸಿ. ಬಿಚ್ಚಿದ ಪ್ರತಿ ಭಾಗವನ್ನ ಎಡದಿಂದ ಬಲಕ್ಕೆ ಅದೇ ಕ್ರಮದಲ್ಲಿ ಇಡ್ತಾ ಹೋಗಿ, ಒಂದೊಂದು ಹಂತಕ್ಕೂ ಒಂದು ಫೋಟೋ ತೆಗೀರಿ.

1. ಡಸ್ಟ್ ಕ್ಯಾಪ್ ತೆಗೀರಿ. ಸ್ಪ್ಲಿಟ್ ಪಿನ್ ನೇರ ಮಾಡಿ ಎಳೀರಿ, ನಟ್ ಮತ್ತು ವಾಷರ್ ಬಿಚ್ಚಿ.
2. ಹಬ್ಬನ್ನ ಸ್ವಲ್ಪ ಅಲ್ಲಾಡಿಸಿದ್ರೆ ಹೊರ ಬೇರಿಂಗ್‌ನ ಕೋನ್ ಮುಂದೆ ಬರುತ್ತೆ. ಅದನ್ನ ತೆಗೆದು ಹಬ್ ಎಳ್ಕೊಳ್ಳಿ. ಹಬ್ ಭಾರ ಇರುತ್ತೆ, ಇನ್ನೊಬ್ಬರು ಜೊತೆಗಿರಲಿ.
3. ಒಳಗಡೆಯ ಸೀಲ್ ಮೀಟಿ ತೆಗೀರಿ. ಅದರ ಹಿಂದೆ ಒಳ ಬೇರಿಂಗ್‌ನ ಕೋನ್ ಸಿಗುತ್ತೆ.
4. ಎಲ್ಲವನ್ನೂ ಡೀಸೆಲ್‌ನಲ್ಲಿ ತೊಳೆದು ಬಟ್ಟೆಯಲ್ಲಿ ಒರೆಸಿ. ಪೆಟ್ರೋಲ್ ಬೇಡ. ಕಂಪ್ರೆಸರ್ ಗಾಳಿ ಬಿಟ್ಟು ಬೇರಿಂಗ್ ಗಿರ್ ಅಂತ ತಿರುಗಿಸೋ ಆಟ ಆಡಬೇಡಿ. ಒಣ ಬೇರಿಂಗ್ ಸಿಡಿದ್ರೆ ರೋಲರ್ ಗುಂಡಿನ ಥರ ಹಾರುತ್ತೆ.

ತೊಳೆದ ಡೀಸೆಲ್‌ನ ಮಣ್ಣಿಗೆ ಸುರೀಬೇಡಿ. ನಾನು ಕ್ಯಾನ್‌ನಲ್ಲಿ ತುಂಬಿಟ್ಟು, ತುಕ್ಕು ಹಿಡಿದ ನೇಗಿಲ ಬೋಲ್ಟ್ ನೆನೆಹಾಕೋಕೆ ಬಳಸ್ತೀನಿ.

ಈಗ ಕಣ್ಣಿಂದ ನೋಡಿ

ಕಪ್ ಒಳಮೈ ಮತ್ತು ರೋಲರ್ ಮೇಲೆ ಉಗುರು ಆಡಿಸಿ. ಗುಳಿ, ಚಕ್ಕೆ ಎದ್ದಿರೋದು, ತುಕ್ಕಿನ ಕಲೆ, ಸುಟ್ಟು ನೀಲಿ ಆಗಿರೋದು, ಇವುಗಳಲ್ಲಿ ಒಂದು ಕಂಡರೂ ಬೇರಿಂಗ್ ಬದಲಿಸಿ. ಬದಲಿಸೋದಾದ್ರೆ ಕಪ್ ಮತ್ತು ಕೋನ್ ಎರಡನ್ನೂ ಜೊತೆಯಾಗಿಯೇ ಬದಲಿಸಿ. "ಕಪ್ ಚೆನ್ನಾಗೇ ಇದೆ, ಕೋನ್ ಮಾತ್ರ ಹಾಕೋಣ" ಅಂದ್ರೆ ಹಳೇ ಸವೆತ ಹೊಸ ರೋಲರ್‌ನ ಬೇಗ ತಿನ್ನುತ್ತೆ.

ಆಕ್ಸಲ್ ತುದಿಯನ್ನೂ ಒರೆಸಿ ನೋಡಿ. ಬಿರುಕು, ಆಳವಾದ ಗೀರು, ನೀಲಿ ಬಣ್ಣ ಇದ್ರೆ ಮನೆಯ ಕೆಲಸ ಅಲ್ಲಿಗೆ ನಿಲ್ಲಿಸಿ. ಹೊಸ ಕಪ್ ಹಬ್ ಒಳಗೆ ಕೈಯಿಂದಲೇ ಸಲೀಸಾಗಿ ಇಳಿದ್ರೆ ಹಬ್ ಸವೆದಿದೆ. ಅದಕ್ಕೆ ತಗಡು ಸುತ್ತೋದು, ವೆಲ್ಡಿಂಗ್ ಚುಕ್ಕೆ ಇಡೋದು ಕೆಲವರ ಅಭ್ಯಾಸ. ಮಾಡಬೇಡಿ. ವೆಲ್ಡಿಂಗ್ ಬಿಸಿಗೆ ಬೇರಿಂಗ್ ಉಕ್ಕಿನ ಗಡಸುತನ ಹೋಗುತ್ತೆ. ಹಬ್ ಬದಲಿಸಿ, ಇಲ್ಲಾ ಲೇತ್ ಅಂಗಡಿಯಲ್ಲಿ ಸರಿ ಮಾಡಿಸಿ.

ಹಳೇ ಕಪ್ ತೆಗೆದು ಹೊಸದು ಕೂರಿಸೋದು

ಕಣ್ಣಿಗೆ ಕನ್ನಡಕ ಹಾಕ್ಕೊಳ್ಳಿ. ಬೇರಿಂಗ್ ಉಕ್ಕು ಗಡಸು, ಸುತ್ತಿಗೆ ಏಟಿಗೆ ಚೂರು ಹಾರುತ್ತೆ. ಹಬ್‌ನ ಎದುರು ಬದಿಯಿಂದ ಹಿತ್ತಾಳೆ ಅಥವಾ ಮೆದು ಕಬ್ಬಿಣದ ಸಲಾಕೆ ಇಟ್ಟು, ಕಪ್ ಅಂಚಿಗೆ ಒಂದು ಏಟು ಈ ಕಡೆ, ಒಂದು ಏಟು ಆ ಕಡೆ ಕೊಡ್ತಾ ಹೊರಗೆ ತನ್ನಿ.

ಹೊಸ ಕಪ್ ಕೂರಿಸೋ ಜಾಗ ಚೆನ್ನಾಗಿ ಒರೆಸಿ. ಕಪ್‌ನ ಅಗಲ ಬಾಯಿ ಹೊರಗೆ ನೋಡಬೇಕು, ಎರಡೂ ಬದಿಯಲ್ಲಿ. ಹಳೇ ಕಪ್‌ನ ಹೊರಮೈಯನ್ನ ಗ್ರೈಂಡರ್‌ನಲ್ಲಿ ಸ್ವಲ್ಪ ಸವೆಸಿದ್ರೆ ಹೊಸ ಕಪ್ ತಳ್ಳೋಕೆ ಅದೇ ಒಳ್ಳೆ ಉಪಕರಣ, ಹಬ್‌ನಲ್ಲಿ ಸಿಕ್ಕಿಹಾಕ್ಕೊಳ್ಳಲ್ಲ. ಸುತ್ತಲೂ ಸಮವಾಗಿ ಬಡೀರಿ. ಕಪ್ ತಳ ಮುಟ್ಟಿದಾಗ ಸದ್ದು ಬದಲಾಗುತ್ತೆ, ಟೊಳ್ಳು ಸದ್ದು ಹೋಗಿ ಠಣ್ ಅನ್ನುತ್ತೆ.

ಗ್ರೀಸ್: ಬೇರಿಂಗ್‌ಗೆ ಪೂರ್ತಿ, ಹಬ್‌ಗೆ ಅರ್ಧ

ಎಡ ಅಂಗೈಯಲ್ಲಿ ಒಂದು ಉಂಡೆ ಗ್ರೀಸ್ ಇಟ್ಕೊಳ್ಳಿ. ಕೋನ್‌ನ ಅಗಲ ಬದಿಯನ್ನ ಅಂಗೈಗೆ ಒತ್ತಿ ಒತ್ತಿ ಎಳೀರಿ. ರೋಲರ್ ಸಂದಿಯಿಂದ ಗ್ರೀಸ್ ಶಾವಿಗೆ ಥರ ಮೇಲಿನ ಕಿರಿದು ಬದಿಗೆ ಬರಬೇಕು. ಸುತ್ತಲೂ ಹಾಗೆ ಮಾಡಿ. ಮೇಲಿಂದ ಸವರಿದ್ರೆ ಒಳಗೆ ಹೋಗಲ್ಲ.

ಹಬ್‌ನ ಮಧ್ಯದ ಟೊಳ್ಳಿಗೆ ಮೂರನೇ ಒಂದರಿಂದ ಅರ್ಧದಷ್ಟು ಸಾಕು. ಗಿಡದ ಬುಡಕ್ಕೆ ಗೊಬ್ಬರ ಅತಿಯಾದ ಹಾಗೆ, ಇಲ್ಲೂ ಜಾಸ್ತಿ ಆದ್ರೆ ತೊಂದರೆಯೇ. ಪೂರ್ತಿ ತುಂಬಿದ್ರೆ ಗ್ರೀಸ್ ಕಡೆದು ಬಿಸಿಯಾಗಿ ಸೀಲ್ ತಳ್ಕೊಂಡು ಹೊರಗೆ ಬರುತ್ತೆ.

ಈಗ ಮೊದಲು ಒಳ ಕೋನ್ ಇಡಿ, ಆಮೇಲೆ ಸೀಲ್. ಸೀಲ್ ಬಡಿದ ಮೇಲೆ ಕೋನ್ ನೆನಪಾದ್ರೆ ಹೊಸ ಸೀಲ್‌ಗೆ ದುಡ್ಡು ಕೊಡಬೇಕು. ಸೀಲ್‌ನ ಸ್ಪ್ರಿಂಗ್ ಇರೋ ಬದಿ ಗ್ರೀಸ್ ಕಡೆಗೆ, ಅಂದ್ರೆ ಒಳಗೆ ನೋಡಬೇಕು. ಸೀಲ್ ತುಟಿಗೆ ಸ್ವಲ್ಪ ಗ್ರೀಸ್ ಸವರಿ. ಚಪ್ಪಟೆ ಮರದ ತುಂಡು ಇಟ್ಟು ನೇರವಾಗಿ ಬಡಿದು ಕೂರಿಸಿ. ಬ್ರೇಕ್ ಇರೋ ಟ್ರೇಲರ್ ಆದ್ರೆ ಡ್ರಮ್‌ಗೆ, ಲೈನರ್‌ಗೆ ಗ್ರೀಸ್ ತಾಗದ ಹಾಗೆ ನೋಡ್ಕೊಳ್ಳಿ.

ನಟ್ ಬಿಗಿ ಮಾಡೋದು: ಇಡೀ ಕೆಲಸದ ಜೀವ ಇಲ್ಲಿದೆ

ಹಬ್ ಏರಿಸಿ, ಹೊರ ಕೋನ್, ವಾಷರ್, ನಟ್ ಹಾಕಿ. ಆಮೇಲೆ ಈ ಕ್ರಮ:

1. ಹಬ್ಬನ್ನ ಕೈಯಿಂದ ತಿರುಗಿಸ್ತಾ ತಿರುಗಿಸ್ತಾ ಸ್ಪ್ಯಾನರ್‌ನಲ್ಲಿ ನಟ್ ಬಿಗಿ ಮಾಡಿ. ಹಬ್ ತಿರುಗೋಕೆ ಚೆನ್ನಾಗಿ ಬಿಗಿ ಆಗೋವರೆಗೆ. ಇದು ರೋಲರ್‌ಗಳು ಜಾಗಕ್ಕೆ ಕೂರಲಿ ಅಂತ ಮಾತ್ರ. ಪೈಪ್ ಬೇಡ.
2. ಹಬ್ ತಿರುಗಿಸದೆ ನಟ್ಟನ್ನ ಪೂರ್ತಿ ಸಡಿಲ ಮಾಡಿ.
3. ಈಗ ಸ್ಪ್ಯಾನರ್ ಪಕ್ಕಕ್ಕಿಡಿ. ಬೆರಳಿನಿಂದ ಎಷ್ಟು ಬಿಗಿ ಆಗುತ್ತೋ ಅಷ್ಟೇ ಮಾಡಿ.
4. ಸ್ಪ್ಲಿಟ್ ಪಿನ್ ತೂತು ನಟ್‌ನ ಗಾಡಿಗೆ ಸರಿ ಕೂರದಿದ್ರೆ, ಸಡಿಲ ಮಾಡೋ ದಿಕ್ಕಿನ ಹತ್ತಿರದ ಗಾಡಿಗೆ ತಿರುಗಿಸಿ. ಬಿಗಿ ಮಾಡೋ ದಿಕ್ಕಿಗೆ ಬೇಡ.
5. ಹೊಸ ಪಿನ್ ಹಾಕಿ ಕಾಲು ಮಡಚಿ. ಹಳೇ ಪಿನ್, ಮೊಳೆ, ತಂತಿ ಯಾವುದೂ ಬೇಡ.

ಹಬ್ ಈಗ ಸಲೀಸಾಗಿ ತಿರುಗಬೇಕು. ಹಿಡಿದು ಅಲ್ಲಾಡಿಸಿದ್ರೆ ಕೈಗೆ ಗೊತ್ತಾದ್ರೂ ಆಗಬಹುದು, ಇಲ್ಲದಿದ್ರೂ ಇಲ್ಲ, ಅಷ್ಟು ಸಣ್ಣ ಆಟ ಇರಬೇಕು. ನೋಟ್‌ಬುಕ್ ಹಾಳೆಯ ದಪ್ಪ ಸುಮಾರು 0.1 ಮಿ.ಮೀ. ಅಂದಾಜಿಗೆ ಅದಕ್ಕಿಂತ ಜಾಸ್ತಿ ಬೇಡ. ಓಡುವಾಗ ಬಿಸಿಯಾದ ಲೋಹ ಹಿಗ್ಗೋಕೆ ಆ ಕೂದಲೆಳೆ ಜಾಗ ಬೇಕೇ ಬೇಕು. ನಿಮ್ಮ ಗಾಡಿಯ ಮ್ಯಾನುಯಲ್‌ನಲ್ಲಿ ಬೇರೆ ಅಳತೆ ಕೊಟ್ಟಿದ್ರೆ ಅದೇ ಕೊನೆ ಮಾತು. ಚಕ್ರದ ನಟ್‌ಗಳ ಕಥೆ ಬೇರೆ. ಅವು ಎದುರೆದುರಾಗಿ ಗಟ್ಟಿಯಾಗಿ ಬಿಗಿ ಆಗಬೇಕು.

ಮೊದಲ ಟ್ರಿಪ್ ಅರ್ಧ ಲೋಡ್ ಹಾಕಿ. ಒಂದೆರಡು ಕಿಲೋಮೀಟರ್‌ಗೆ ನಿಲ್ಲಿಸಿ ಹಬ್ ಮುಟ್ಟಿ ನೋಡಿ. ಸಂಜೆ ಚಕ್ರದ ನಟ್‌ಗಳನ್ನ ಮತ್ತೆ ಬಿಗಿ ಮಾಡಿ, ಅಲ್ಲಾಟ ಪರೀಕ್ಷೆ ಮಾಡಿ.

ಎಟಿವಿ, ವೀಡರ್, ಕೈಗಾಡಿ ಇದ್ದೋರಿಗೆ

ಎಸ್ಟೇಟ್‌ಗಳಲ್ಲಿ ಓಡಿಸೋ ಎಟಿವಿಗಳ ಹಿಂದಿನ ಆಕ್ಸಲ್‌ನಲ್ಲಿ, ಸಣ್ಣ ಯಂತ್ರಗಳಲ್ಲಿ ಸಾಮಾನ್ಯವಾಗಿ ಸೀಲ್ ಆದ ಬಾಲ್ ಬೇರಿಂಗ್ ಇರುತ್ತೆ. ನಂಬರ್ 6205, 6206 ಥರ ಇದ್ದು ಪಕ್ಕದಲ್ಲಿ 2ಆರ್‌ಎಸ್ ಅಂತ ಇದ್ರೆ ಎರಡೂ ಬದಿ ರಬ್ಬರ್ ಸೀಲ್ ಅಂತ ಅರ್ಥ. ಇದಕ್ಕೆ ಗ್ರೀಸ್ ತುಂಬೋದು, ನಟ್ ಅಡ್ಜಸ್ಟ್ ಮಾಡೋದು ಇಲ್ಲ. ಒಂದೇ ನಿಯಮ: ಹೌಸಿಂಗ್ ಒಳಗೆ ಕೂರಿಸುವಾಗ ಹೊರ ರಿಂಗ್‌ಗೆ ಮಾತ್ರ ಒತ್ತಡ ಕೊಡಿ, ಶಾಫ್ಟ್ ಮೇಲೆ ಏರಿಸುವಾಗ ಒಳ ರಿಂಗ್‌ಗೆ ಮಾತ್ರ. ಉಲ್ಟಾ ಮಾಡಿದ್ರೆ ಏಟು ಗುಂಡುಗಳ ಮೂಲಕ ಹೋಗಿ ಹೊಸ ಬೇರಿಂಗ್ ಓಡೋ ಮೊದಲೇ ಹಾಳಾಗುತ್ತೆ. ಬೇರಿಂಗನ್ನ ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ ಒಂದೆರಡು ಗಂಟೆ ಫ್ರೀಜರ್‌ನಲ್ಲಿಟ್ಟರೆ ಸ್ವಲ್ಪ ಕುಗ್ಗಿ ಹೌಸಿಂಗ್‌ಗೆ ಸುಲಭವಾಗಿ ಇಳಿಯುತ್ತೆ.

ಟ್ರ್ಯಾಕ್ಟರ್‌ನ ಹಿಂದಿನ ಆಕ್ಸಲ್ ಮಾತ್ರ ಮನೆಯಲ್ಲಿ ಬಿಚ್ಚಬೇಡಿ. ಭಾರ, ಗೇರ್ ಆಯಿಲ್, ಬ್ರೇಕ್ ಎಲ್ಲಾ ಅದಕ್ಕೆ ಸೇರಿರುತ್ತೆ. ಅದು ವರ್ಕ್‌ಶಾಪ್ ಕೆಲಸ.

ನೆನಪಿಡಿ

- ವರ್ಷಕ್ಕೆ ಎರಡು ಸಲ ಪರೀಕ್ಷೆ: ಗೋಡು ಸೀಸನ್‌ಗೆ ಮುಂಚೆ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ.
- ಕಪ್, ಕೋನ್ ಜೊತೆಯಾಗಿ ಬದಲಿಸಿ. ಸೀಲ್, ಪಿನ್ ಯಾವಾಗಲೂ ಹೊಸದು.
- ಹಬ್ ಬಿಸಿ ಇರುವಾಗ ನೀರಿಗೆ ಇಳಿಸಬೇಡಿ.
- ನಟ್ ಕೊನೆಗೆ ಬೆರಳಿನಷ್ಟೇ ಬಿಗಿ.

ಮೊದಲ ಸಲ ಒಂದು ಹಬ್‌ಗೆ ನನಗೆ ಅರ್ಧ ದಿನ ಹಿಡಿಯಿತು, ಈಗ ಎರಡು ಗಂಟೆ. ಬೇರಿಂಗ್ ಎಷ್ಟೇ ಚೆನ್ನಾಗಿದ್ರೂ ಒಂದು ನಿಯಮ ಮಾತ್ರ ಬದಲಿಸಿಲ್ಲ: ಆ ದಿನದಿಂದ ನಮ್ಮ ಟ್ರೇಲರ್ ಮೇಲೆ ಯಾರನ್ನೂ ಕೂರಿಸಲ್ಲ. ಆಳುಗಳು ನನ್ನ ಬೈಕ್‌ನಲ್ಲಿ ಬರ್ತಾರೆ, ಇಲ್ಲಾ ನಡೆದು ಬರ್ತಾರೆ. ಟ್ರೇಲರ್ ಮಣ್ಣು ಹೊರೋಕೆ ಇರೋದು.

ಮುಂದಿನ ವಾರ, ಹೊಡೆದು ತಂದ ಗೋಡನ್ನ ತೆಂಗು ಅಡಿಕೆ ಬುಡಕ್ಕೆ ಹೇಗೆ ಹಾಕಬೇಕು ಅನ್ನೋದನ್ನ ನೋಡೋಣ. ಅಷ್ಟರಲ್ಲಿ ಒಂದು ಸಲ ಚಕ್ರ ಎತ್ತಿ ತಿರುಗಿಸಿ ನೋಡಿ.